'ಕನ್ನಡ'ದಲ್ಲಿ ಲಕಾರ ಸಿಕ್ಕಿದ್ದು ಹೇಗೆ? ಸಿ ಭಾಷೆಯ ಅಕ್ಷರ ಶೋಧದ ಒಂದು ಪರಿಶೀಲನೆ

'ಕನ್ನಡ' ಎಂಬ ಪದದಲ್ಲಿ ಲಕಾರವಿಲ್ಲ. ಆದರೆ ಯುಟಿಎಫ್-8ರಲ್ಲಿ ಬರೆದಿಟ್ಟ ಇದೇ ಪದವನ್ನು ಸಿ ಭಾಷೆಯ ಸ್ಟರ್‌ಚರ್ ಫಂಕ್ಷನ್‌ಗೆ ಕೊಟ್ಟು 'ಲ' ಹುಡುಕು ಎಂದರೆ, ಜಿಸಿಸಿ ಕಂಪೈಲರ್ ಒಂದು ಎಚ್ಚರಿಕೆ ಗೊಣಗಿ ಪ್ರೋಗ್ರಾಂ ಕಟ್ಟಿಕೊಡುತ್ತದೆ. ಓಡಿಸಿದರೆ ಸಿಕ್ಕಿತು ಎಂಬ ಉತ್ತರ. 'ಳ' ಕೇಳಿದರೂ ಸಿಕ್ಕಿತು! ಕ್ಲ್ಯಾಂಗ್ ಕಂಪೈಲರ್ ಮಾತ್ರ ಇಂಥ ಕೋಡನ್ನು ಬಾಗಿಲಲ್ಲೇ ತಡೆಯುತ್ತದೆ.

ಸ್ಟರ್‌ಚರ್ ಮಾಡುವ ಕೆಲಸ ತೀರ ಸರಳ. ಸ್ಟ್ರಿಂಗ್‌ನ ಮೊದಲಿನಿಂದ ಬೈಟ್‌ಗಳನ್ನು ನೋಡುತ್ತ ಸಾಗಿ, ಕೇಳಿದ ಬೆಲೆ ಮೊದಲು ಕಂಡ ಜಾಗದ ಪಾಯಿಂಟರ್ ಕೊಡುತ್ತದೆ, ಕಾಣದಿದ್ದರೆ ನಲ್. ಸ್ಟ್ರಿಂಗ್ ಮುಗಿಸುವ ಸೊನ್ನೆಯ ಬೈಟೂ ಲೆಕ್ಕಕ್ಕೆ ಸೇರುವುದರಿಂದ ಸೊನ್ನೆಯನ್ನೇ ಹುಡುಕಿದರೆ ಕೊನೆಯ ವಿಳಾಸ ದೊರೆಯುತ್ತದೆ. ಹುಡುಕಬೇಕಾದ ಅಕ್ಷರವನ್ನು ಅದು ಇಂಟ್ ರೂಪದಲ್ಲಿ ಪಡೆದು, ಒಂದು ಬೈಟ್ ಅಳತೆಯ ಚಾರ್‌ಗೆ ಇಳಿಸಿಕೊಳ್ಳುತ್ತದೆ. ಎಡವಟ್ಟು ಹುಟ್ಟುವುದು ಈ ಇಳಿಕೆಯಲ್ಲಿ.

ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ ವಿಭಾಗದ ಪ್ರತಿಯೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಮೂರನೆಯದು ಮಾತ್ರ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ: 'ಕ' 224, 178, 149, 'ನ' 224, 178, 168. ಜಿಸಿಸಿ ಮೂರನ್ನೂ ಸೇರಿಸಿ ಒಂದು ದೊಡ್ಡ ಸಂಖ್ಯೆ ಮಾಡುತ್ತದೆ, ಸ್ಟರ್‌ಚರ್ ಅದರ ಕೊನೆಯ ಬೈಟನ್ನಷ್ಟೇ ಉಳಿಸಿಕೊಳ್ಳುತ್ತದೆ. 'ಲ'ದ ಬೈಟ್‌ಗಳು 224, 178, 178. ಹಾಗಾಗಿ 'ಲ' ಹುಡುಕುವುದೆಂದರೆ 178 ಹುಡುಕುವುದು, ಮತ್ತು ಅದು 'ಕ'ದ ನಡುವಿನ ಬೈಟಿನಲ್ಲೇ ಇದೆ. 'ಳ' 179ಕ್ಕೆ ಇಳಿಯುತ್ತದೆ. ಆ ಬೆಲೆ 'ನ್ನ'ದೊಳಗಿನ ಹಲಂತ ಚಿಹ್ನೆಯಲ್ಲಿ ಅಡಗಿದೆ. ಎಲ್ಲ ವ್ಯಂಜನಗಳೂ ಇಷ್ಟು ದಾರಿ ತಪ್ಪಿಸುವುದಿಲ್ಲ ಎನ್ನುವುದು ಇನ್ನೂ ಅಪಾಯಕಾರಿ. 'ಕ' ಹುಡುಕಿದರೆ ಸಾಮಾನ್ಯವಾಗಿ 'ಕ'ವೇ ಸಿಗುತ್ತದೆ, ಪಾಯಿಂಟರ್ ಮಾತ್ರ ಅದರ ಮೂರನೆಯ ಬೈಟಿನ ಮೇಲೆ ನಿಂತಿರುತ್ತದೆ. ಪರೀಕ್ಷೆಯಲ್ಲಿ ಪಾಸಾಗಿ ಬಳಕೆಯಲ್ಲಿ ಕೈಕೊಡುವ ಕೋಡ್ ಹುಟ್ಟುವುದು ಹೀಗೆಯೇ. ಅದರ ಮೇಲೆ ತೆಲುಗು, ತಮಿಳು, ಮಲಯಾಳಂ, ದೇವನಾಗರಿಗಳ ಕಕಾರವೂ 149ರಲ್ಲೇ ಮುಗಿಯುತ್ತದೆ. ಭಾರತೀಯ ಲಿಪಿಗಳಿಗೆ ಯೂನಿಕೋಡ್ ಒಂದೇ ಬಗೆಯ ವಿನ್ಯಾಸ ಕೊಟ್ಟಿದ್ದರ ಫಲ ಇದು.

ಆ ವಿನ್ಯಾಸ ಬಂದದ್ದು ಇಸ್ಕಿಯಿಂದ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿದ ಈ ಸಂಕೇತ ವ್ಯವಸ್ಥೆಯಲ್ಲಿ ಕಕಾರಕ್ಕೆ ಒಂದೇ ಬೈಟ್, 179. ಅಲ್ಲಿ ಸ್ಟರ್‌ಚರ್ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಅದರ ಬದಲು ಸ್ವಂತ ಲೂಪ್ ಬರೆದು ಪ್ರತಿ ಚಾರ್ ಅನ್ನೂ 179ಕ್ಕೆ ಹೋಲಿಸಿದವರಿಗೆ ಇಂಟೆಲ್ ಯಂತ್ರಗಳಲ್ಲಿ ಏನೂ ಸಿಗುತ್ತಿರಲಿಲ್ಲ. ಅಲ್ಲಿನ ಕಂಪೈಲರ್‌ಗಳಲ್ಲಿ ಚಾರ್ ಋಣ ಬೆಲೆಯನ್ನೂ ಹಿಡಿಯುವ ಕಾರಣ 179 ಎಂಬುದು -77 ಆಗಿ ಓದಿಸಿಕೊಳ್ಳುತ್ತದೆ.

ಯುಟಿಎಫ್-8ನ್ನು ದೂಷಿಸುವುದು ಮಾತ್ರ ಅನ್ಯಾಯ. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಹಾಗೂ ಅವರ ಜೊತೆ ರಾಬ್ ಪೈಕ್ 1992ರಲ್ಲಿ ಅದನ್ನು ರೂಪಿಸಿದಾಗ, ಬಹುಬೈಟ್ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರಬಾರದೆಂದು ಕಟ್ಟುಮಾಡಿದರು. ಹೀಗಾಗಿ ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೂ ಫೈಲಿನ ಹಾದಿಯಲ್ಲಿ ಓರೆಗೆರೆಯನ್ನು ಸ್ಟರ್‌ಚರ್ ತಪ್ಪದೆ ಹುಡುಕುತ್ತದೆ. ಜಪಾನಿನ ಶಿಫ್ಟ್-ಜಿಸ್ ವ್ಯವಸ್ಥೆಗೆ ಈ ಭಾಗ್ಯವಿರಲಿಲ್ಲ. ಅಲ್ಲಿ ಕೆಲವು ಅಕ್ಷರಗಳ ಎರಡನೆಯ ಬೈಟ್ 92, ಅಂದರೆ ಹಿಂದೋರೆಗೆರೆಯ ಬೆಲೆ. ವಿಂಡೋಸ್‌ನ ಫೈಲ್ ಹಾದಿಗಳು ಅಕ್ಷರದ ನಟ್ಟನಡುವೆ ತುಂಡಾಗುತ್ತಿದ್ದವು.

ಬೈಟಿಗೆ ಅಂಟಿಕೊಂಡದ್ದರಿಂದ ಸ್ಟರ್‌ಚರ್‌ಗೆ ವೇಗ ದಕ್ಕಿದೆ ಎಂಬುದನ್ನೂ ಒಪ್ಪಬೇಕು. ಗ್ನೂ ಸಿ ಲೈಬ್ರರಿಯ ಎವಿಎಕ್ಸ್2 ಆವೃತ್ತಿ ಒಂದೇ ಸೂಚನೆಯಲ್ಲಿ 32 ಬೈಟ್ ಹೋಲಿಸುತ್ತದೆ. ಕೈಯಲ್ಲಿ ಬರೆದ ಲೂಪ್ ಅದರ ಹತ್ತಿರ ಸುಳಿಯುವುದು ಕಷ್ಟ.

ಹಾಗಾದರೆ 'ಲ' ಹುಡುಕುವ ಸರಿಯಾದ ಬಗೆ ಯಾವುದು? ಅಕ್ಷರವನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿಡದೆ ಜೋಡಿ ಚಿಹ್ನೆಯಲ್ಲಿಟ್ಟು, ಬೈಟ್‌ಗಳ ಇಡೀ ಸಾಲನ್ನೇ ಹುಡುಕುವ ಸ್ಟರ್‌ಸ್ಟರ್ ಫಂಕ್ಷನ್‌ಗೆ ಕೊಟ್ಟರೆ ಮುಗಿಯಿತು. ಅಕ್ಷರದ ಮೊದಲ ಬೈಟಿಗೂ ಮುಂದಿನವಕ್ಕೂ ಬೆಲೆಗಳ ವ್ಯಾಪ್ತಿ ಬೇರೆಯಾದ್ದರಿಂದ, ಒಂದು ಅಕ್ಷರದ ಮೂರು ಬೈಟ್‌ಗಳ ಸಾಲು ಮತ್ತೊಂದರ ನಡುವಿನಿಂದ ಶುರುವಾಗಲು ಸಾಧ್ಯವೇ ಇಲ್ಲ. ವೈಡ್ ಅಕ್ಷರಗಳಿಗಾಗಿ ಡಬ್ಲ್ಯುಸಿಎಸ್‌ಚರ್ ಎಂಬ ಫಂಕ್ಷನ್ ಇದೆ. ಆದರೆ ಇನ್‌ಪುಟ್ ಪಠ್ಯವನ್ನು ಮೊದಲು ಪರಿವರ್ತಿಸಬೇಕು, ಅದಕ್ಕೂ ಮೊದಲು ಲೊಕೇಲ್ ಹೊಂದಿಸಬೇಕು. ಒಂದು ಅಕ್ಷರಕ್ಕಾಗಿ ಇಷ್ಟು ತಾಪತ್ರಯ ಬೇಕಿಲ್ಲ.

ಸ್ಟರ್‌ಸ್ಟರ್ ಕೂಡ ಓದುಗನ ಕಣ್ಣಿನಿಂದ ನೋಡುವುದಿಲ್ಲ. 'ಅಕ್ಕ' ಪದದಲ್ಲಿ ಅದು ಎರಡು ಕಡೆ 'ಕ' ಕಾಣುತ್ತದೆ, 'ಕಾಗೆ', 'ಕಿವಿ'ಗಳಲ್ಲೂ 'ಕ' ಕಾಣುತ್ತದೆ. ಸ್ವರಚಿಹ್ನೆ ಸೇರದ ಬರಿಯ 'ಕ' ಬೇಕಿದ್ದರೆ ಮುಂದಿನ ಮೂರು ಬೈಟ್ ಓದಿ, ಅಲ್ಲಿ ಸ್ವರಚಿಹ್ನೆಯೋ ಹಲಂತವೋ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒತ್ತಕ್ಷರವೂ ಬೇಡವಾದರೆ ಹಿಂದಿನ ಮೂರನ್ನೂ ನೋಡಬೇಕು. ಉದ್ದ ಅಳೆಯುವಲ್ಲೂ ಇದೇ ಕಥೆ: 'ಕನ್ನಡ'ಕ್ಕೆ ಸ್ಟರ್‌ಲೆನ್ ಹೇಳುವುದು 15, ಯೂನಿಕೋಡ್ ಸಂಕೇತಗಳು 5, ಓದುವವರ ಲೆಕ್ಕ 3.

2024ರಲ್ಲಿ ಪ್ರಕಟವಾದ ಸಿ23 ಮಾನಕ ಯುಟಿಎಫ್-8ಕ್ಕಾಗಿ ಚಾರ್8_ಟಿ ಎಂಬ ಪ್ರತ್ಯೇಕ ಹೆಸರನ್ನು ಕೊಟ್ಟಿತು, ಬದಲಿಸಬಾರದ (ಕಾನ್ಸ್ಟ್) ಸ್ಟ್ರಿಂಗ್ ಕೊಟ್ಟರೂ ಸ್ಟರ್‌ಚರ್ ಬದಲಿಸಬಹುದಾದ ಪಾಯಿಂಟರ್ ಹಿಂದಿರುಗಿಸುತ್ತಿದ್ದ ಗೊಂದಲವನ್ನೂ ಬಗೆಹರಿಸಿತು. ಆದರೆ ಆ ಫಂಕ್ಷನ್ ಇಂದಿಗೂ ಹುಡುಕುವುದು ಒಂದೇ ಬೈಟನ್ನು. ಸಿ ಕಲಿಸುವ ಕನ್ನಡದ ಅಧ್ಯಾಪಕರು ಸ್ಟರ್‌ಚರ್ ಪಾಠದಲ್ಲಿ ಇಂಗ್ಲಿಷ್ ಪದದ ಜೊತೆಗೆ 'ಕನ್ನಡ'ವನ್ನೂ ಒಮ್ಮೆ ಓಡಿಸಿ ತೋರಿಸಲಿ.