ಎಲೆಯಲ್ಲಿ ಅಡಗಿದ್ದ ಮದ್ದು

ಹೋಮೋಸಿಸ್ಟೀನ್ ಎಂಬ ಹೆಸರನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹೆಂಗಸರು ಓದುವುದು ರಕ್ತಪರೀಕ್ಷೆಯ ಚೀಟಿಯಲ್ಲಿ. ಬಿಪಿ, ಶುಗರ್ ಬಲ್ಲವರಿಗೂ ಇದು ಹೊಸತು. ಆದರೆ ಇದರ ಕತೆಯ ಒಂದು ತುದಿ ನಮ್ಮವರೇ ಹೋಟೆಲು ಕೆಲಸ ಹುಡುಕಿ ಹೋದ ಬೊಂಬಾಯಿಯಲ್ಲಿದೆ. ಅದು ಬಡ ಬಸುರಿಯರ ಕತೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರನ್ನು ತೀವ್ರವಾದ ರಕ್ತಹೀನತೆ ಕಾಡುತ್ತಿತ್ತು. ವಿಲ್ಸ್ ಅವರ ಊಟದ ಕಡೆ ಕಣ್ಣು ಹಾಯಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಸಾರದೊಳಗಿದ್ದ ಆ ಮದ್ದು 1941ರಲ್ಲಿ ಪಾಲಕ್ ಸೊಪ್ಪಿನಲ್ಲಿ ಸಿಕ್ಕಿತು. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಕರೆದರು. 1945ರಲ್ಲಿ ಅಮೆರಿಕದಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದ ತಂಡ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು.

ಇದಕ್ಕೂ ಹೃದಯಕ್ಕೂ ಏನು ಸಂಬಂಧ? ನಾವು ಉಂಡ ಪ್ರೋಟೀನು ದೇಹದಲ್ಲಿ ಬಳಕೆಯಾಗುವಾಗ ನಡುವೆ ಹುಟ್ಟುವ ವಸ್ತು ಹೋಮೋಸಿಸ್ಟೀನ್. ಫೋಲಿಕ್ ಆಮ್ಲ, ಬಿ12, ಬಿ6 ಇದ್ದರೆ ಅದು ಬೇರೆ ವಸ್ತುವಾಗಿ ಮಾರ್ಪಡುತ್ತದೆ; ಇಲ್ಲದಿದ್ದರೆ ರಕ್ತದಲ್ಲಿ ಉಳಿಯುತ್ತದೆ. ಲೀಟರಿಗೆ 5ರಿಂದ 15 ಮೈಕ್ರೋಮೋಲ್ ಸಾಮಾನ್ಯ ಮಟ್ಟ. 1969ರಲ್ಲಿ ಅಮೆರಿಕದ ಕಿಲ್ಮರ್ ಮೆಕ್ಕಲಿ, ಹುಟ್ಟಿನಿಂದಲೇ ಹೋಮೋಸಿಸ್ಟೀನ್ ಹೆಚ್ಚಿದ್ದು ತೀರಿಕೊಂಡ ಇಬ್ಬರು ಮಕ್ಕಳ ರಕ್ತನಾಳಗಳು ಮುದುಕರದ್ದರಂತೆ ಕೆಟ್ಟಿದ್ದನ್ನು ಕಂಡು, ಹೃದ್ರೋಗಕ್ಕೆ ಇದೂ ಕಾರಣವಿರಬಹುದೆಂದರು. ಕೊಲೆಸ್ಟರಾಲಿನ ಮಾತೇ ನಡೆಯುತ್ತಿದ್ದ ಕಾಲ, ಯಾರೂ ಕಿವಿಗೊಡಲಿಲ್ಲ. ಕೊನೆಗೆ ಅವರು ಕೆಲಸವನ್ನೂ ಕಳೆದುಕೊಂಡರು.

ಮುಂದೆ ಜಗತ್ತು ಅವರ ಮಾತು ಕೇಳಿತು. ಆದರೆ 2006ರಲ್ಲಿ ಹೊರಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ವಿಟಮಿನ್ ಮಾತ್ರೆ ಹೋಮೋಸಿಸ್ಟೀನನ್ನು ಇಳಿಸಿತೇ ಹೊರತು ಹೃದಯಾಘಾತವನ್ನು ತಡೆಯಲಿಲ್ಲ. 2015ರಲ್ಲಿ ಚೀನಾದಿಂದ ಬೇರೆ ಸುದ್ದಿ ಬಂತು: ಬಿಪಿ ಇದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ, ಬಿಪಿ ಮಾತ್ರೆಯ ಜೊತೆ ಫೋಲಿಕ್ ಆಮ್ಲ ತೆಗೆದುಕೊಂಡವರಿಗೆ ಪಾರ್ಶ್ವವಾಯು ಕಡಿಮೆಯಾಯಿತು. ಹಾಗಾಗಿ ಚೀಟಿಯ ಅಂಕೆ ನೋಡಿ ಹೆದರಿ ಮಾತ್ರೆ ನುಂಗುವುದಕ್ಕಿಂತ, ಅದು ಏಕೆ ಏರಿತೆಂದು ಕೇಳುವುದೇ ಸರಿ.

ನಮ್ಮಲ್ಲಿ ಕೇಳಬೇಕಾದದ್ದು ಮುಖ್ಯವಾಗಿ ಬಿ12ರ ಬಗ್ಗೆ. ಹರಿವೆ, ಬಸಳೆ, ಹೆಸರುಕಾಳು ಫೋಲಿಕ್ ಆಮ್ಲ ಕೊಡುತ್ತವೆ. ಬಹಳ ಹೊತ್ತು ಬೇಯಿಸಿ ನೀರು ಚೆಲ್ಲಿದರೆ ಅದೂ ಹೋಗುತ್ತದೆ. ಬಿ12 ಮಾತ್ರ ಸೊಪ್ಪಿನಲ್ಲಿಲ್ಲ. ಬಂಗುಡೆ, ಬೂತಾಯಿ, ಮೊಟ್ಟೆಯಲ್ಲಿದೆ. ಮೀನು ತಿನ್ನದ ಮನೆಗಳಿಗೆ ಹಾಲು, ಮೊಸರೇ ಗತಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದರೂ ಬಿ12 ತಗ್ಗಬಹುದು. ಥೈರಾಯ್ಡ್ ಕುಂದಿದರೂ, ಮೂತ್ರಪಿಂಡ ಸೋತರೂ ಹೋಮೋಸಿಸ್ಟೀನ್ ಏರುತ್ತದೆ. ಬಿ12 ಕೊರತೆಯಿದ್ದಾಗ ಬರೀ ಫೋಲಿಕ್ ಆಮ್ಲ ತೆಗೆದುಕೊಂಡರೆ ರಕ್ತ ಸರಿಹೋದಂತೆ ಕಂಡರೂ ನರಗಳು ಒಳಗೊಳಗೇ ಕೆಡುತ್ತವೆ. ಕಾಲು ಜೋಮು ಹಿಡಿಯುವುದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು.

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೆ ಎಷ್ಟೋ ಮನೆಗಳಲ್ಲಿ ಉಳಿಯುವುದು ಗಂಜಿ, ಉಪ್ಪಿನಕಾಯಿ. ಮೀನಿನ ತುಂಡು, ಮೊಸರಿನ ತಳ ಅಷ್ಟರಲ್ಲಿ ಖಾಲಿ. ಲೂಸಿ ವಿಲ್ಸ್ ಗಿರಣಿಯ ಹೆಂಗಸರ ಬಗ್ಗೆ ಕೇಳಿದ್ದ ಪ್ರಶ್ನೆ, ಅಂದರೆ ಈಕೆ ಉಂಡದ್ದೇನು ಎಂಬುದು, ಇಂದಿಗೂ ಹಳೆಯದಾಗಿಲ್ಲ.