ಶೋಳಾವರಂನ ಹೆಸರಿಲ್ಲದ ಕಾರುಗಳು

ಚೆನ್ನೈನಿಂದ ಕೋಲ್ಕತ್ತಾ ಹೆದ್ದಾರಿ ಹಿಡಿದು ರೆಡ್ ಹಿಲ್ಸ್ ದಾಟಿದರೆ ಶೋಳಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅಲ್ಲಿದೆ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಅದರ ಮೇಲೆ ದಶಕಗಳ ಕಾಲ ಕಾರು ರೇಸು ನಡೆಸಿತು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಟ್ರ್ಯಾಕ್ ಆಯಿತು. ಆಮೇಲೆ ಇಲ್ಲಿ ಉಳಿದದ್ದು ಫೋಟೋಗಳು ಮಾತ್ರ.

ಬ್ಯಾಂಕಿನ ವರ್ಗಾವಣೆ ಮೇಲೆ ಮದ್ರಾಸಿಗೆ ಬಂದು ಇಲ್ಲೇ ಬೇರುಬಿಟ್ಟ ನನಗೆ ಈ ಫೋಟೋಗಳ ಹುಚ್ಚು ಹತ್ತಿದ್ದು ನಿವೃತ್ತಿಯ ಮೇಲೆ. ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಜೊತೆ ತಾಳೆ ನೋಡಿ ಮೂವತ್ತು ವರ್ಷ ಸವೆಸಿದವನಿಗೆ ಇದೇನು ಹೊಸ ಕೆಲಸವಲ್ಲ ಅನ್ನಿ.

ಲೈಸೆನ್ಸು ಪರ್ಮಿಟ್ಟಿನ ಕಾಲ ಅದು. ಹೊರದೇಶದ ರೇಸ್ ಕಾರು ತರಿಸುವುದು ರಾಜಮನೆತನದವರಿಗೆ, ದೊಡ್ಡ ಕುಳಗಳಿಗೆ ಮಾತ್ರ ಸಾಧ್ಯವಿತ್ತು. ಉಳಿದವರು ತಾವೇ ಕಟ್ಟಿಕೊಳ್ಳಬೇಕು. ಸಿಗುತ್ತಿದ್ದದ್ದು ಮೂರೇ ಮೂರು: 1489 ಸಿಸಿ ಅಂಬಾಸಿಡರ್, 1089 ಸಿಸಿ ಫಿಯಟ್, ಮದ್ರಾಸಿನ ಹತ್ತಿರವೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಮೈಮೇಲಿನ ತಗಡು ಹೇಗೇ ಬಾಗಿಸಲಿ, ಒಳಗಿನ ಸಾಮಾನು ಸುಳ್ಳು ಹೇಳುವುದಿಲ್ಲ. ಮುಂದಿನ ಚಕ್ರದ ಬಳಿ ಸುರುಳಿ ಸ್ಪ್ರಿಂಗು ಕಂಡರೆ ಅದು ಅಂಬಾಸಿಡರ್‌ನದಲ್ಲ. ಅದಕ್ಕಿದ್ದದ್ದು ತಿರುಚುವ ಸರಳು. ತಿರುವಿನಲ್ಲಿ ಹಿಂದಿನ ಚಕ್ರ ಕಾಲು ಸೊಟ್ಟಗಾದಂತೆ ಒಳಕ್ಕೆ ಮಡಿಚಿದ್ದರೆ ಹಳೇ ಹೆರಾಲ್ಡ್ ಅಂತ ಅನುಮಾನಿಸಬಹುದು. ಫಿಯಟ್ಟಿನ ಅಚ್ಚು ನೆಟ್ಟಗಿರುತ್ತದೆ. ರೇಸ್ ಕಾರಿಗೆ ನಂಬರ್ ಪ್ಲೇಟ್ ಇರದಿದ್ದರೂ ಹಿಂದೆ ನಿಂತ ಕಾರಿಗಿರುತ್ತದೆ. ಅದರಲ್ಲಿ ಎಂವೈ ಕಂಡರೆ ನಮ್ಮ ಕಡೆಯವರು ಬಂದಿದ್ದರು ಎಂದೇ. ಕೆಎ ಬಂದದ್ದು 1989ರಲ್ಲಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದರೆ ಫೋಟೋ 1968ಕ್ಕಿಂತ ಹಳೆಯದಾಗಿರುವುದು ಕಷ್ಟ.

ಮೈಲಾಪುರದಲ್ಲಿ ಹಾಸನದ ಕಡೆಯ ಅಜ್ಜಿಯೊಬ್ಬರಿದ್ದರು. 'ನಮ್ಮೆಜಮಾನ್ರೇ ಕಾರು ಕಟ್ಟಿದ್ರು ಅಂದ್ರೆ ಮನೇಲೇ ಯಾರೂ ನಂಬಲ್ಲ ಕಣಪ್ಪಾ' ಅನ್ನುತ್ತಿದ್ದರು. ಫೋಟೋದ ಹಿಂದೆ ಓಡಿಸಿದವರ ಹೆಸರಿತ್ತು, ಜೊತೆಗೆ 'ವಿದೇಶಿ ಕಾರು' ಎಂಬ ಬರಹ. ಯಜಮಾನರು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದಾರೆ ಅಷ್ಟೇ.

ಚಕ್ರ ನೋಡಿದರೆ ಹೆರಾಲ್ಡ್. ಬಾನೆಟ್ ತೆರೆದಿತ್ತು, ಎಂಜಿನ್ನಿನ ಮುಚ್ಚಳ ಫಿಯಟ್ಟಿನದು. ಹೆರಾಲ್ಡ್ ಚಾಸಿಗೆ ಫಿಯಟ್ ಎಂಜಿನ್, ಇಂಥ ಮದುವೆ ಯಾವ ವಿದೇಶಿ ಕಾರ್ಖಾನೆ ಮಾಡೀತು? ಪುದುಪೇಟೆಯ ಗುಜರಿಯಲ್ಲೇ ಕೂಡಿಬರಬೇಕು. ಸರಿ, ಕಾರು ಇಲ್ಲಿಯದೇ. ಆದರೆ ಕಟ್ಟಿದವರು ಇವರೇ ಅನ್ನಲು ಅಷ್ಟು ಸಾಲದು. ಅಷ್ಟಕ್ಕೆ ನಾನು ವೋಚರ್ ಪಾಸು ಮಾಡುತ್ತಿರಲಿಲ್ಲ.

ಅಜ್ಜಿಯ ಟ್ರಂಕಿನಲ್ಲಿ ಇನ್ನೊಂದು ಸಣ್ಣ ಫೋಟೋ ಸಿಕ್ಕಿತು. ಶೆಡ್ಡಿನಲ್ಲಿ ಬರೀ ಅಸ್ಥಿಪಂಜರದಂಥ ಚಾಸಿ, ಕುಕ್ಕರಗಾಲಲ್ಲಿ ಕೂತು ಗ್ಯಾಸ್ ವೆಲ್ಡಿಂಗ್ ಮಾಡುತ್ತಿರುವ ಯಜಮಾನರು. ಎರಡು ಕೊಳವೆ ಕೂಡುವ ಕಡೆ ತ್ರಿಕೋನದ ತಗಡು, ಅದಕ್ಕೆ ಮೂರು ತೂತು. ಭೂತಗನ್ನಡಿ ಇಟ್ಟು ಮೊದಲ ಫೋಟೋ ನೋಡಿದೆ. ಅದೇ ತಗಡು, ಅದೇ ಮೂರು ತೂತು, ಒಂದು ಮಾತ್ರ ಸ್ವಲ್ಪ ಕೆಳಗೆ.

ಅಜ್ಜಿ ಏನೂ ಹೇಳಲಿಲ್ಲ. ಮೊಮ್ಮಗನನ್ನು ಕರೆದು ಫೋಟೋದ ಹಿಂದೆ ತಾತನ ಹೆಸರು ಬರೆಸಿದರು, ಕನ್ನಡದಲ್ಲಿ. ಹುಡುಗನಿಗೆ ಒತ್ತಕ್ಷರ ಬರದು, ಅಜ್ಜಿಯೇ ಹೇಳಿಕೊಟ್ಟರು.