ಐರ್ಲೆಂಡಿನ ಹಳೆಯ ನಕ್ಷೆಗಳೂ ಮನೆತನಗಳ ಮೂಲಸ್ಥಳವೂ

ಮನೆತನದ ಚರಿತ್ರೆಯನ್ನು ಶೋಧಿಸ ಹೊರಟವರು ಮೊಟ್ಟಮೊದಲು ತಿಳಿಯಬೇಕಾದುದು ಸ್ಥಳ. ಒಂದೇ ಹೆಸರಿನವರು ಒಂದು ಸೀಮೆಯಲ್ಲಿ ನೂರಾರು ಜನರಿರಬಹುದು; ಅವರಲ್ಲಿ ನಮ್ಮವನು ಯಾರೆಂಬುದನ್ನು ಅವನಿದ್ದ ಊರೇ ಹೇಳಬೇಕು. ಈ ಮಾತಿಗೆ ಐರ್ಲೆಂಡ್ ದೇಶಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಅಲ್ಲಿ ಮರ್ಫಿಗಳೂ ಕೆಲ್ಲಿಗಳೂ ಸಲಿವನ್ನರೂ ಎಲ್ಲೆಲ್ಲಿಯೂ ಇದ್ದಾರೆ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಘೋರವಾದ ಕ್ಷಾಮ ಬಂದಿತು. 1841ರಲ್ಲಿ ಸುಮಾರು 81 ಲಕ್ಷವಿದ್ದ ಜನಸಂಖ್ಯೆ 1851ರ ವೇಳೆಗೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಸತ್ತವರು ಸುಮಾರು ಹತ್ತು ಲಕ್ಷ. ಹಡಗನ್ನೇರಿ ಹೊರಟುಹೋದವರೂ ಹೆಚ್ಚುಕಡಮೆ ಅಷ್ಟೇ ಮಂದಿ. ಹೀಗೆ ಹೋದವರ ಸಂತತಿಯವರು ಇಂದು ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಉಳಿದಿರುವ ಆಸ್ತಿಯೆಂದರೆ ಅಜ್ಜಿಯ ಬಾಯಿಂದ ಕೇಳಿದ ಒಂದು ಊರಿನ ಹೆಸರು.

ಆ ಹೆಸರು ಸಾಮಾನ್ಯವಾಗಿ ಒಂದು ‘ಟೌನ್‌ಲ್ಯಾಂಡಿ’ನದು. ಟೌನ್ ಎಂಬ ಶಬ್ದವಿದ್ದರೂ ಇದು ಪಟ್ಟಣವಲ್ಲ. ನಮ್ಮಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ವಿಭಾಗಗಳಿರುವಂತೆ ಅಲ್ಲಿ ಕೌಂಟಿ, ಬ್ಯಾರನಿ, ಪ್ಯಾರಿಷ್, ಟೌನ್‌ಲ್ಯಾಂಡ್ ಎಂಬ ವಿಭಾಗಗಳು ಬಹುಕಾಲದಿಂದ ಬಂದಿವೆ. ಇವುಗಳಲ್ಲಿ ಅತ್ಯಂತ ಚಿಕ್ಕದು ಟೌನ್‌ಲ್ಯಾಂಡ್. ಕೆಲವು ನೂರು ಎಕರೆ ನೆಲ, ಕೆಲವೇ ಒಕ್ಕಲುಗಳ ಮನೆಗಳು—ಇಷ್ಟೇ ಅದರ ವಿಸ್ತಾರ. ಇಂಥವು ಆ ದೇಶದಲ್ಲಿ 60,000ಕ್ಕೂ ಮೇಲ್ಪಟ್ಟು ಇವೆ. ಒಂದೇ ಹೆಸರಿನವೂ ಅನೇಕ.

ಇವೆಲ್ಲವನ್ನೂ ಎಲ್ಲೆಕಟ್ಟುಗಳ ಸಮೇತ ನಕ್ಷೆಗಿಳಿಸಿದ ಮೋಜಣಿ 1824ರಲ್ಲಿ ಆರಂಭವಾಯಿತು. ಸ್ಥಳೀಯ ತೆರಿಗೆಯನ್ನು ನ್ಯಾಯವಾಗಿ ಹಂಚುವುದೇ ಸರ್ಕಾರದ ಉದ್ದೇಶವಾಗಿದ್ದಿತು. ಥಾಮಸ್ ಕೋಲ್ಬಿ ಎಂಬ ಸೇನಾಧಿಕಾರಿಯು ಇದರ ಮುಖ್ಯಸ್ಥನು. ಬಿಸಿಲಿಗೆ ಲೋಹ ಹಿಗ್ಗಿದರೂ ಅಳತೆ ಕೆಡದಂತೆ ಆತನು ರಚಿಸಿದ ಜೋಡಿಲೋಹದ ದಂಡಗಳು ನಮ್ಮ ದೇಶಕ್ಕೂ ಬಂದುವು: 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದ ಲ್ಯಾಂಬ್ಟನ್ನನ ಕಾರ್ಯವನ್ನು ಮುಂದುವರಿಸಿದ ಎವರೆಸ್ಟನು ಅವುಗಳನ್ನು 1830ರಲ್ಲಿ ಭಾರತಕ್ಕೆ ತಂದನು. ಐರ್ಲೆಂಡಿನ ನಕ್ಷೆಗಳನ್ನು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಬರೆದು, 1833ರಿಂದ 1846ರೊಳಗೆ ಕೌಂಟಿ ಕೌಂಟಿಗೂ ಪ್ರಕಟಿಸಿದರು. ಅಂದರೆ, ಕ್ಷಾಮಕ್ಕೆ ಮುಂಚೆ ನಿಂತಿದ್ದ ಮನೆಗಳನ್ನು ಅವು ತೋರಿಸುತ್ತವೆ.

ಆದರೆ ಊರಿನ ಹೆಸರು ಜನರ ಬಾಯಲ್ಲಿದ್ದುದು ಐರಿಷ್ ಭಾಷೆಯಲ್ಲಿ. ನಕ್ಷೆಯಲ್ಲಿ ಬರೆದುದು ಇಂಗ್ಲಿಷ್ ಲಿಪಿಸಂಪ್ರದಾಯದಲ್ಲಿ. ಹಳೆಯ ಪತ್ರಗಳಲ್ಲಿ ಒಂದೇ ಊರಿಗೆ ಹಲವು ಕಾಗುಣಿತಗಳಿದ್ದುವು. ಇದನ್ನು ಪರಿಷ್ಕರಿಸಲು ನಿಯುಕ್ತನಾದ ಜಾನ್ ಓಡೊನೊವನ್ ಐರಿಷ್ ಭಾಷೆಯಲ್ಲಿ ದೊಡ್ಡ ವಿದ್ವಾಂಸನು. ಆತನು ಊರೂರು ಸುತ್ತಿ, ವೃದ್ಧರಿಂದ ಉಚ್ಚಾರಣೆಯನ್ನು ಕೇಳಿ, ಅರ್ಥವನ್ನು ವಿಚಾರಿಸಿದನು. ಆ ಮೋಜಣಿಯ ‘ಹೆಸರಿನ ಪುಸ್ತಕ’ಗಳಲ್ಲಿ ಹಳೆಯ ರೂಪಗಳೂ ದಾಖಲಾಗಿವೆ. ‘ಕಿಲ್’ ಎಂಬ ಪೂರ್ವಪದವನ್ನೇ ನೋಡಬಹುದು. ಅದು ಕೆಲವೆಡೆ ಚರ್ಚು, ಕೆಲವೆಡೆ ಕಾಡು. ಆದುದರಿಂದ ಕಿಲ್‌ಮೋರ್ ಎಂಬುದು ಒಂದು ಕಡೆ ದೊಡ್ಡ ಚರ್ಚು, ಇನ್ನೊಂದು ಕಡೆ ದೊಡ್ಡ ಕಾಡು. ಹೊರನಾಡಿನ ಗುಮಾಸ್ತನು ಕಿವಿಗೆ ಕೇಳಿದಂತೆ ಬರೆದುಕೊಂಡ ಊರಿನ ಹೆಸರನ್ನು ನಕ್ಷೆಯಲ್ಲಿ ಹುಡುಕುವಾಗ ಅಕ್ಷರಕ್ಕಿಂತ ಧ್ವನಿಗೆ ಹೆಚ್ಚು ಗಮನ ಕೊಡಬೇಕು.

ಇಷ್ಟು ಶ್ರಮವೇಕೆ, ಜನಗಣತಿಯ ಕಡತಗಳನ್ನು ನೋಡಬಾರದೇ ಎಂದು ಕೇಳಬಹುದು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ದಾಖಲೆಗಳ ಭಂಡಾರವು ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. 1821ರಿಂದ 1851ರವರೆಗಿನ ಗಣತಿಯ ಮೂಲಪತ್ರಗಳಲ್ಲಿ ಬಹುಭಾಗ ಸುಟ್ಟುಹೋಯಿತು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಮಾಡಿಸಿತ್ತು. ದೇಶಕ್ಕೆಲ್ಲ ಪೂರ್ಣವಾಗಿ ಉಳಿದಿರುವ ಹಳೆಯ ಗಣತಿಗಳು 1901 ಮತ್ತು 1911ರವು ಮಾತ್ರ. ಕಥೋಲಿಕ ಚರ್ಚುಗಳ ಜ್ಞಾನಸ್ನಾನ ಹಾಗೂ ವಿವಾಹಗಳ ಪುಸ್ತಕಗಳು ಆಯಾ ಪ್ಯಾರಿಷ್‌ಗಳಲ್ಲಿದ್ದುದರಿಂದ ಉಳಿದುವು. ಆದರೆ ಯಾವ ಚರ್ಚೆಂಬುದು ಗೊತ್ತಿಲ್ಲದವನಿಗೆ ಅವುಗಳಿಂದೇನು ಪ್ರಯೋಜನ? ಊರು ಸಿಕ್ಕಿದರೆ ಚರ್ಚು ಸಿಕ್ಕೀತು. ಚರ್ಚು ಸಿಕ್ಕಿದರೆ ಜನ ಸಿಕ್ಕಾರು.

ಶೋಧದ ಕ್ರಮವು ಹೀಗೆ. ಮೊದಲು ಮನೆಯ ಪತ್ರಗಳಿಂದಲೂ, ಸಮಾಧಿಶಿಲೆಗಳಿಂದಲೂ, ಹೋಗಿ ನೆಲಸಿದ ದೇಶದ ಚರ್ಚಿನ ಪುಸ್ತಕಗಳಿಂದಲೂ ಊರಿನ ಹೆಸರನ್ನೂ ಹತ್ತಿರದ ನದಿ, ಬೆಟ್ಟ, ಸಂತೆಯ ಪಟ್ಟಣಗಳ ಹೆಸರನ್ನೂ ಸಂಗ್ರಹಿಸಬೇಕು. ಅನಂತರ, 1851ರ ಗಣತಿಯನ್ನು ಆಧರಿಸಿ 1861ರಲ್ಲಿ ಅಚ್ಚಾದ ಟೌನ್‌ಲ್ಯಾಂಡುಗಳ ಅಕಾರಾದಿಯಲ್ಲಿ ಆ ಹೆಸರಿನ ಊರುಗಳನ್ನೆಲ್ಲ ಗುರುತುಹಾಕಿಕೊಳ್ಳಬೇಕು. ಮೂರನೆಯದಾಗಿ, ರಿಚರ್ಡ್ ಗ್ರಿಫಿತ್ ಎಂಬಾತನು 1847ರಿಂದ 1864ರವರೆಗೆ ಪ್ರಕಟಿಸಿದ ಮೌಲ್ಯನಿರ್ಣಯದ ಪಟ್ಟಿಯನ್ನು ತೆರೆಯಬೇಕು. ಅದರಲ್ಲಿ ಒಕ್ಕಲಿನ ಹೆಸರು, ನೆಲವನ್ನು ಗೇಣಿಗೆ ಕೊಟ್ಟವನ ಹೆಸರು, ನೆಲದ ವಿಸ್ತೀರ್ಣ, ತೆರಿಗೆಗಾಗಿ ಕಟ್ಟಿದ ಬೆಲೆ ಇವುಗಳ ಜೊತೆಗೆ ನಕ್ಷೆಯ ಒಂದು ಅಂಕೆಯಿರುತ್ತದೆ. ನಮ್ಮ ಸರ್ವೆ ನಂಬರಿನಂತೆ ಆ ಅಂಕೆಯು ಹಿಡುವಳಿಯನ್ನೇ ತೋರಿಸಿಬಿಡುತ್ತದೆ. ತಮ್ಮ ಮನೆತನದ ಹೆಸರೂ, ಅಜ್ಜಿ ಹೇಳುತ್ತಿದ್ದ ನೆರೆಯವರ ಹೆಸರೂ ಒಂದೇ ಪುಟದಲ್ಲಿ ಕಂಡರೆ ಶೋಧವು ಸರಿಯಾದ ದಾರಿಯಲ್ಲಿದೆಯೆಂದು ಭಾವಿಸಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಗ್ರಿಫಿತ್ತನ ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರಿದೆಯೇ ಹೊರತು ಹೆಂಡತಿ ಮಕ್ಕಳ ಹೆಸರಿಲ್ಲ. ಹೆಸರು ಕೂಡಿದ ಮಾತ್ರಕ್ಕೆ ವಂಶ ಕೂಡಿತೆಂದು ನಿರ್ಧರಿಸಬಾರದು. ಚರ್ಚಿನ ಪುಸ್ತಕದ ಸಾಕ್ಷ್ಯ ಬೇಕು. ಎರಡನೆಯದಾಗಿ, ಕಥೋಲಿಕ ಚರ್ಚಿನ ಪ್ಯಾರಿಷ್ ಬೇರೆ, ಸರ್ಕಾರದ ಪ್ಯಾರಿಷ್ ಬೇರೆ. ಇವುಗಳ ಎಲ್ಲೆಗಳು ಅನೇಕ ಕಡೆ ಒಂದೇ ಆಗಿಲ್ಲ.

ಮೊದಲ ನಕ್ಷೆಯ ಪಕ್ಕದಲ್ಲಿ, ಶತಮಾನದ ಕೊನೆಯಲ್ಲಿ ಮೈಲಿಗೆ 25 ಅಂಗುಲದಂತೆ ಬರೆದ ನಕ್ಷೆಯನ್ನಿಟ್ಟು ನೋಡಿದರೆ ಎಷ್ಟೋ ಕಡೆ ಮನೆಗಳ ಗುಂಪುಗಳು ಮಾಯವಾಗಿರುವುದು ಕಾಣುತ್ತದೆ. ಮೇಯೋ ಕೌಂಟಿಗೆ ಸೇರಿದ ಆಕಿಲ್ ದ್ವೀಪದಲ್ಲಿ, ಸ್ಲೀವ್‌ಮೋರ್ ಬೆಟ್ಟದ ತಪ್ಪಲಿನಲ್ಲಿ, ಜನ ಬಿಟ್ಟುಹೋದ ಮನೆಗಳ ಕಲ್ಲುಗೋಡೆಗಳು ಸೂರಿಲ್ಲದೆ ಈಗಲೂ ಸಾಲಾಗಿ ನಿಂತಿವೆ. ಅಲ್ಲಿ ಬಾಳಿದವರನ್ನು ಕುರಿತು ಗ್ರಂಥ ಬರೆದವರಿರಲಿಲ್ಲ. ಆದರೆ ನಕ್ಷೆಯವನು ಅವರ ಮನೆಗಳನ್ನು ಬಿಡದೆ ಗುರುತಿಸಿದನು.

ಸುಟ್ಟ ಭಂಡಾರದ ನಷ್ಟವನ್ನು ಕೂಡಿದ ಮಟ್ಟಿಗೆ ತುಂಬಲು, ಬೇರೆ ಬೇರೆ ಸಂಸ್ಥೆಗಳಲ್ಲಿದ್ದ ಪ್ರತಿಗಳನ್ನು ಒಟ್ಟುಗೂಡಿಸಿ, 2022ರಲ್ಲಿ ಅಂತರಜಾಲದ ಮೇಲೆ ಒಂದು ಭಂಡಾರವನ್ನು ತೆರೆದರು. ಹಳೆಯ ನಕ್ಷೆಗಳೂ ಗ್ರಿಫಿತ್ತನ ಪಟ್ಟಿಯೂ ಈಗ ಮನೆಯಲ್ಲಿ ಕುಳಿತೇ ನೋಡಲು ದೊರೆಯುತ್ತವೆ. ತೆರಿಗೆಯ ಲೆಕ್ಕಕ್ಕಾಗಿ ಬರೆದ ಪತ್ರಗಳೇ ಇಂದು ಮರಿಮಕ್ಕಳಿಗೆ ಹಿರಿಯರ ಹೊಸ್ತಿಲನ್ನು ತೋರಿಸುತ್ತಿವೆ. ಬಡವನ ಚರಿತ್ರೆಗೆ ಅನೇಕ ವೇಳೆ ಉಳಿಯುವ ಆಧಾರ ಕಂದಾಯದ ಕಾಗದವೊಂದೇ. ಅದನ್ನು ಜೋಪಾನಮಾಡಿದ ದೇಶದಲ್ಲಿ ಬಡವನಿಗೂ ಚರಿತ್ರೆಯುಂಟು.